ಎಂಟು ವರ್ಷದ ಮಗಳಿಗೆ ಟಿಟಿ ಬ್ಯಾಟ್: ಯಾವುದು ಕೊಡಿಸಲಿ?

ಶಿರಸಿ ಅಪ್ಪ:
ನಮಸ್ಕಾರ. ಮಗಳು ಬೇಸಿಗೆ ಶಿಬಿರದಲ್ಲಿ ಟೇಬಲ್ ಟೆನಿಸ್ ಹಿಡಿದವಳು, ಶಿಬಿರ ಮುಗಿದರೂ ಬಿಡುತ್ತಿಲ್ಲ. ಈಗ ಸಂಜೆ ಕೋಚಿಂಗ್‌ಗೆ ಹೋಗುತ್ತಾಳೆ. ಇಷ್ಟು ದಿನ ಅಲ್ಲೇ ಬಿದ್ದಿರುವ ಬ್ಯಾಟ್‌ನಲ್ಲಿ ಆಡುತ್ತಿದ್ದಳು. ಅದರ ರಬ್ಬರ್ ಅಂಚಿನಲ್ಲಿ ಕಿತ್ತು ಬಂದಿದೆ, ಮುಟ್ಟಿದರೆ ಗಾಜಿನ ಹಾಗೆ ಜಾರುತ್ತದೆ. "ಸ್ವಂತ ಬ್ಯಾಟ್ ತರಿಸಿ" ಅಂದರು ಕೋಚ್. ಯಾವುದು ಅಂತ ಕೇಳುವಷ್ಟರಲ್ಲಿ ಮುಂದಿನ ಬ್ಯಾಚ್ ಶುರುವಾಗಿತ್ತು.

ಆನ್‌ಲೈನ್‌ನಲ್ಲಿ ಒಂದಕ್ಕೆ ಮೂರು ಸ್ಟಾರ್, ಇನ್ನೊಂದಕ್ಕೆ ಐದು. ಸ್ಪೀಡ್ ಇಷ್ಟು, ಸ್ಪಿನ್ ಇಷ್ಟು ಅಂತ ಅಂಕ ಬೇರೆ. ಬೆಂಗಳೂರಿನಲ್ಲಿರುವ ಅವಳ ಮಾವ, "ನನ್ನ ಕಾರ್ಬನ್ ಬ್ಯಾಟ್ ಕಳಿಸ್ತೀನಿ ಭಾವ, ಸುಮ್ನೆ ದುಡ್ಡು ಯಾಕೆ ಹಾಕ್ತೀರಿ" ಅನ್ನುತ್ತಿದ್ದಾನೆ. ಅಂಗಡಿಯವರೊಬ್ಬರು ಟಿಟಿ ಆಟಗಾರ್ತಿ ಮಣಿಕಾ ಬಾತ್ರಾ ಥರ ಒಂದು ಕಡೆ ಲಾಂಗ್ ಪಿಂಪಲ್ಸ್ (ಉದ್ದ ಮೊನೆಗಳು ಹೊರಮುಖವಾಗಿರುವ ರಬ್ಬರ್) ಹಾಕಿಸಿ ಅಂದರು. ನನಗೆ ಕ್ಯಾರಂ ಬಿಟ್ಟರೆ ಬೇರೆ ಆಟ ಬರುವುದಿಲ್ಲ. ಬಜೆಟ್ ಮೂರು ಸಾವಿರದ ಆಸುಪಾಸು. ತಿಳಿದವರು ಹೇಳಿ.

ದಾವಣಗೆರೆ ಅಮ್ಮ:
ಮೂರು ಸಾವಿರ ಯಾಕೆ ಸರ್, ಅಷ್ಟು ಬೇಡ. ನನ್ನ ಮಗ ಮೊದಲ ವರ್ಷ ಪೂರ್ತಿ ಸ್ಟ್ಯಾಗ್ ಕಂಪನಿಯ ರೆಡಿಮೇಡ್ ಬ್ಯಾಟ್‌ನಲ್ಲೇ ಆಡಿದ. ಅವನ ಬ್ಯಾಚ್‌ನ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ದೀಪಾವಳಿ ಹೊತ್ತಿಗೆ ಸ್ಕೇಟಿಂಗ್ ಕಡೆ ಓಡಿದರು. ಅವರ ದುಬಾರಿ ಬ್ಯಾಟ್‌ಗಳು ಈಗ ಕಪಾಟಿನಲ್ಲಿವೆ. ಮಗು ಒಂದು ವರ್ಷ ನಿಲ್ಲಲಿ, ಆಮೇಲೆ ನೋಡಿ.

ಹಳೇ ಚಾಪರ್, ಮೈಸೂರು:
ಮೊದಲು ಮಾವನ ಬ್ಯಾಟ್ ವಿಷಯ ಮುಗಿಸೋಣ. ಬೇಡ. ಅವರಿಗೆ ಬೇಜಾರಾದರೆ ನನ್ನ ಮೇಲೆ ಹಾಕಿ.

ಕಾರಣ ಹೇಳುತ್ತೇನೆ. ಮರದ ಪದರಗಳ ನಡುವೆ ಕಾರ್ಬನ್ ಇದ್ದರೆ ಬ್ಯಾಟ್ ಬಿಗಿಯಾಗುತ್ತದೆ, ಚೆಂಡು ಸಿಡಿದು ಹೋಗುತ್ತದೆ. ಮೇಜಿನ ಉದ್ದ ಒಟ್ಟು 2.74 ಮೀಟರ್. ಫೋರ್‌ಹ್ಯಾಂಡ್ ಕಲಿಯುವ ಮಗು ಸೊಂಟ ತಿರುಗಿಸಿ ಕೈ ಪೂರ್ತಿ ಬೀಸಬೇಕು. ಕಾರ್ಬನ್ ಬ್ಯಾಟ್‌ನಲ್ಲಿ ಹಾಗೆ ಬೀಸಿದರೆ ಚೆಂಡು ಗೋಡೆಗೆ. ಮಕ್ಕಳು ಜಾಣರು, ಅರ್ಧ ಬೀಸಿದರೆ ಸಾಕು ಅಂತ ಬೇಗ ಕಂಡುಕೊಳ್ಳುತ್ತಾರೆ. ಚೆಂಡು ಮೇಜಿನ ಮೇಲೆ ಬೀಳುತ್ತದೆ, ನೋಡುವವರಿಗೂ ಖುಷಿ. ಆದರೆ ಕೈ ಅರ್ಧಕ್ಕೇ ನಿಲ್ಲುವುದು ಅಭ್ಯಾಸವಾಗಿರುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ನಮ್ಮ ಕ್ಲಬ್‌ಗೆ ಅಂಥ ಮಕ್ಕಳು ಪ್ರತಿ ವರ್ಷ ಬರುತ್ತಾರೆ. ಬ್ಯಾಟ್ ನೋಡಿದರೆ ಆಸೆಯಾಗುತ್ತದೆ, ಸ್ಟ್ರೋಕ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ಲಾಂಗ್ ಪಿಂಪಲ್ಸ್ ಕೂಡ ಈಗ ಬೇಡ. ಮಣಿಕಾ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದಾಗ ಬ್ಯಾಕ್‌ಹ್ಯಾಂಡ್ ಕಡೆ ಅದೇ ಇತ್ತು, ನಿಜ. ನಾನೂ ಅದರಲ್ಲೇ ಆಡುವ ಚಾಪರ್, ಅಂದರೆ ಹಿಂದೆ ನಿಂತು ಚೆಂಡನ್ನು ಕತ್ತರಿಸಿ ತಡೆಯುವವನು. ಆದರೆ ಆ ರಬ್ಬರ್ ಎದುರಾಳಿಯ ಸ್ಪಿನ್ ಅನ್ನೇ ವಾಪಸ್ ಕಳಿಸುತ್ತದೆ. ಅವನ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಸುತ್ತು) ಅವನಿಗೇ ಬ್ಯಾಕ್‌ಸ್ಪಿನ್ (ಹಿಂದಕ್ಕೆ ಉರುಳುವ ಸುತ್ತು) ಆಗಿ ಹೋಗುತ್ತದೆ. ನಿಮ್ಮ ಮಗಳು ಮೊದಲು ತಾನೇ ಸ್ಪಿನ್ ಹುಟ್ಟಿಸುವುದನ್ನು ಕಲಿಯಬೇಕಲ್ವಾ? ಎರಡೂ ಕಡೆ ಸಾದಾ ರಬ್ಬರ್ ಇರಲಿ, ಪಿಂಪಲ್ಸ್ ಒಳಮುಖವಾಗಿರುವುದು.

ಸ್ಟಾರ್ ನೋಡಿ ಕೊಳ್ಳಬೇಡಿ. ಅದನ್ನು ಕಂಪನಿಯವರು ತಾವೇ ಹಾಕಿಕೊಳ್ಳುವುದು. ಒಬ್ಬರ ಐದಕ್ಕೂ ಇನ್ನೊಬ್ಬರ ಐದಕ್ಕೂ ಸಂಬಂಧವಿಲ್ಲ.

ದಾವಣಗೆರೆ ಮೇಡಂ ಹೇಳಿದ್ದು ಸರಿ, ರೆಡಿಮೇಡ್ ತಗೊಳ್ಳಬಹುದು. ಒಂದೇ ಪರೀಕ್ಷೆ ಮಾಡಿ. ರಬ್ಬರ್ ಮೇಲೆ ಚೆಂಡನ್ನು ಮೆಲ್ಲಗೆ ಒತ್ತಿ ಎಳೆಯಿರಿ. ಹಿಡಿದುಕೊಳ್ಳಬೇಕು. ಜಾರಿದರೆ ಅಲ್ಲೇ ಬಿಟ್ಟು ಬನ್ನಿ. ಎರಡು ಬ್ಯಾಟ್, ಮೂರು ಚೆಂಡು, ಒಂದು ನೆಟ್ ಎಲ್ಲ ಸೇರಿಸಿ ಆಟಿಕೆ ಅಂಗಡಿಯಲ್ಲಿ ಮಾರುವ ಸೆಟ್‌ಗಳು ಸಾಮಾನ್ಯವಾಗಿ ಇಲ್ಲೇ ಸೋಲುತ್ತವೆ.

ಮಗಳು ಗಟ್ಟಿಯಾಗಿ ಹಿಡಿದಿದ್ದಾಳೆ ಅನ್ನಿಸಿದರೆ ಪ್ಲೈ (ಹಿಡಿಕೆ ಸಹಿತ ಮರದ ಭಾಗ) ಬೇರೆ, ರಬ್ಬರ್ ಬೇರೆ ಕೊಂಡು ಅಂಟಿಸಿ. ಐದು ಪದರದ ಪೂರ್ತಿ ಮರದ ಆಲ್‌ರೌಂಡ್ ಪ್ಲೈ ಸಾಕು. ಸ್ಟೀಗಾ ಆಲ್‌ರೌಂಡ್ ಕ್ಲಾಸಿಕ್ ಹಳೆಯದು, ನಂಬಬಹುದು. ರಬ್ಬರ್‌ಗೆ ಯಸಾಕಾ ಮಾರ್ಕ್ ಫೈವ್, ಇಲ್ಲವೇ ಬಟರ್‌ಫ್ಲೈ ಸ್ರೈವರ್. ಎರಡೂ 1960ರ ದಶಕದವು. ನನಗಂತೂ ಇವತ್ತಿಗೂ ಕಲಿಯುವವರಿಗೆ ಇವೇ ಇಷ್ಟ. ರಬ್ಬರ್ ಅಡಿಯ ಸ್ಪಂಜ್ 1.8 ಮಿಲಿಮೀಟರ್ ದಪ್ಪದ್ದು ಕೇಳಿ. ದಪ್ಪ ಸ್ಪಂಜ್‌ನಲ್ಲಿ ವೇಗ ಜಾಸ್ತಿ, ತೂಕವೂ ಜಾಸ್ತಿ. ಆ ತೂಕವೆಲ್ಲ ಬ್ಯಾಟ್‌ನ ತಲೆ ಕಡೆ ಬರುತ್ತದೆ, ಮಗುವಿನ ಮಣಿಕಟ್ಟು ಜೋತು ಬೀಳುತ್ತದೆ. ಒಟ್ಟು ಬ್ಯಾಟ್ 160 ಗ್ರಾಂ ಸುತ್ತಮುತ್ತ ಇದ್ದರೆ ಚೆನ್ನ. ಈ ಜೋಡಿ ನಿಮ್ಮ ಮೂರು ಸಾವಿರದಲ್ಲಿ ಬರುವುದಿಲ್ಲ. ಸ್ಟ್ಯಾಗ್‌ನ ಸಾದಾ ಪ್ಲೈಗೆ 729 ಅನ್ನುವ ಬ್ರ್ಯಾಂಡ್‌ನ ರಬ್ಬರ್ ಹಾಕಿಸಿದರೆ ಬಂದೀತು.

ಎಡಗೈ ಹುಡುಗ:
ಚಾಪರ್ ಸರ್‌ಗೆ ರೊಟ್ಟಿ ಹಂಚು ಕೊಟ್ಟರೂ "ಸ್ವಲ್ಪ ಫಾಸ್ಟ್" ಅನ್ನುತ್ತಾರೆ 😄 ಕಾರ್ಬನ್ ಬೇಡ ಅನ್ನೋದು ಒಪ್ಪಿದೆ. ಆದರೆ 2000ದಲ್ಲಿ ಚೆಂಡು 38ರಿಂದ 40 ಮಿಲಿಮೀಟರ್ ಆಯಿತು, 2014ರಿಂದ ಪ್ಲಾಸ್ಟಿಕ್ ಬಂತು. ಈಗಿನ ಚೆಂಡಿನಲ್ಲಿ ಸ್ಪಿನ್ ಕಮ್ಮಿ. ಫೋರ್‌ಹ್ಯಾಂಡ್‌ಗಾದರೂ 2.0 ಮಿಲಿಮೀಟರ್ ಸ್ಪಂಜ್ ಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಮತ್ತೆ ರಬ್ಬರ್ ಬದಲಾಯಿಸಬೇಕಾಗುತ್ತದೆ.

ಹಳೇ ಚಾಪರ್, ಮೈಸೂರು:
ರಬ್ಬರ್ ಹೇಗಿದ್ದರೂ ಬದಲಾಯಿಸಲೇಬೇಕು ಮಾರಾಯ, ದಿನಾ ಆಡಿದರೆ ಹಿಡಿತ ಹೋಗುತ್ತದೆ. ಹತ್ತು ಹನ್ನೊಂದು ವರ್ಷದ ಮಗುವಾದರೆ 2.0ಗೆ ನನ್ನ ತಕರಾರಿಲ್ಲ. ಇವಳಿಗೆ ಎಂಟು. ಮೇಜೇ 76 ಸೆಂಟಿಮೀಟರ್ ಎತ್ತರ, ಅವಳ ಹೊಟ್ಟೆ ಮಟ್ಟಕ್ಕೆ ಬರುತ್ತದೆ. ಆ ಎತ್ತರದಿಂದ ಟಾಪ್‌ಸ್ಪಿನ್ ಹೊಡೆಯುವ ಮೊದಲು ಇಪ್ಪತ್ತು ಚೆಂಡು ಬಿಡದೆ ಆಚೆ ಕಳಿಸಲಿ.

ಶಿರಸಿ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಕೋಚ್ ಇವತ್ತು ಸಿಕ್ಕರು, ಚಾಪರ್ ಸರ್ ಹೇಳಿದ್ದನ್ನು ತೋರಿಸಿದೆ. ಸಾದಾ ಪ್ಲೈ, 729 ಸಾಕು, ಅಂಟಿಸಿ ಕೊಡುತ್ತೇನೆ ಅಂದರು. ಮಾವನಿಗೂ ಹೇಳಿದೆ. ಅವನು ಸಿಟ್ಟಾಗಲಿಲ್ಲ, ಕಿಟ್ ಬ್ಯಾಗ್ ಕೊಡಿಸುತ್ತಾನಂತೆ.

ಇನ್ನು ಮೂರು ಪ್ರಶ್ನೆ. ಮಗಳಿಗೆ ಗುಲಾಬಿ ಬಣ್ಣದ ಬ್ಯಾಟೇ ಬೇಕಂತೆ. ಹಾಗೆ ಇರಬಹುದಾ? ಹಿಡಿಕೆಯಲ್ಲಿ ಎಫ್‌ಎಲ್, ಎಸ್‌ಟಿ ಅಂತ ಇದೆ, ಏನದು? ಮತ್ತೆ ನಮ್ಮ ಕಡೆ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ, ರಬ್ಬರ್ ಗತಿ?

ಹಳೇ ಚಾಪರ್, ಮೈಸೂರು:
ಗುಲಾಬಿ ಧಾರಾಳವಾಗಿ ಇರಬಹುದು. 2021ರ ಅಕ್ಟೋಬರ್‌ನಿಂದ ಕೆಂಪಿನ ಜಾಗದಲ್ಲಿ ಗುಲಾಬಿ, ನೇರಳೆ, ಹಸಿರು, ನೀಲಿಗೂ ಒಪ್ಪಿಗೆ ಇದೆ. ಇನ್ನೊಂದು ಕಡೆ ಮಾತ್ರ ಕಪ್ಪೇ ಇರಬೇಕು. ಆದರೆ ಎಲ್ಲ ರಬ್ಬರೂ ಆ ಬಣ್ಣದಲ್ಲಿ ಬರುವುದಿಲ್ಲ. ಸಿಗದಿದ್ದರೆ ಅಂಚಿಗೆ ಗುಲಾಬಿ ಸೈಡ್ ಟೇಪ್ ಹಾಕಿ ಕೊಡಿ, ನಮ್ಮಲ್ಲಿ ಸುಮಾರು ಮಕ್ಕಳು ಅಷ್ಟಕ್ಕೇ ಒಪ್ಪಿದ್ದಾರೆ. ಟೂರ್ನಮೆಂಟ್ ಆಡುವ ಯೋಚನೆ ಇದ್ದರೆ ರಬ್ಬರ್‌ನಲ್ಲಿ ಹಿಡಿಕೆ ಕಡೆ ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ) ಗುರುತು ಇದೆಯಾ ನೋಡಿ. ಕತ್ತರಿಸುವಾಗ ಅದು ಹಾರಿಹೋಗಬಾರದು.

ಎಫ್‌ಎಲ್ ಅಂದರೆ ಕೆಳಗೆ ಅಗಲವಾಗುತ್ತಾ ಹೋಗುವ ಹಿಡಿಕೆ, ಎಸ್‌ಟಿ ನೇರ. ಮಕ್ಕಳ ಬೆವರುವ ಕೈಯಿಂದ ಜಾರದ ಹಾಗೆ ಎಫ್‌ಎಲ್ ತಡೆಯುತ್ತದೆ, ಅದನ್ನೇ ತಗೊಳ್ಳಿ. ಸಣ್ಣ ಹಿಡಿಕೆ ಇರುವ ಜೂನಿಯರ್ ಪ್ಲೈ ಸಿಕ್ಕರೆ ಇನ್ನೂ ಒಳ್ಳೆಯದು. ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕೈ ಕುಲುಕುವ ಹಾಗೆ ಹಿಡಿದು ನೋಡಲಿ.

ತೇವಕ್ಕೆ ರಬ್ಬರ್ ಜಾರುತ್ತದೆ, ನಿಮ್ಮ ಊರಲ್ಲಿ ಖಂಡಿತ. ಆಟದ ನಡುವೆ ಒಣ ಹತ್ತಿ ಬಟ್ಟೆಯಿಂದ ಒರೆಸಬೇಕು. ಆಡಿದ ಮೇಲೆ ಒದ್ದೆ ಸ್ಪಂಜ್‌ನಿಂದ ಧೂಳು ತೆಗೆದು, ಒಣಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಚ್ಚಿಡಿ. ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ.

ಇನ್ನೊಂದು ಮಾತು ಕೋಚ್‌ಗೆ ಹೇಳಿ. ಹಿಡಿಕೆ ಪಕ್ಕದಲ್ಲಿ ಮರದ ಅಂಚು ಚೂಪಾಗಿರುತ್ತದೆ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಗುಳ್ಳೆ ಬರುತ್ತದೆ. ಅಲ್ಲಿ ಉಪ್ಪುಕಾಗದದಿಂದ ಸ್ವಲ್ಪ ತಿಕ್ಕಿ ನಯ ಮಾಡಬೇಕು. ರಬ್ಬರ್ ಅಂಟಿಸುವ ಮೊದಲೇ ಮಾಡಲಿ, ಆಮೇಲಾದರೆ ಪುಡಿಯೆಲ್ಲ ಹೊಸ ರಬ್ಬರ್ ಮೇಲೆ ಕೂರುತ್ತದೆ.