ಹೋಲ್ಡಾನ್, ಮಾಸ್ತರ್ರ!

ಭಾನುವಾರ ಬೆಳಗ್ಗೆ ನಮ್ಮ ಮೂವರ ಹಾಜರಿ ದರ್ಶಿನಿಯ ಎತ್ತರದ ಮೇಜಿನ ಮುಂದೆ. ಟೂ ಬೈ ತ್ರೀ ಕಾಫಿ. ಅಂದರೆ ಎರಡು ಕಾಫಿಗೆ ದುಡ್ಡು, ಮೂರು ಲೋಟ. ಬಸಣ್ಣ ಸಿಟಿ ಬಸ್ ಡ್ರೈವರ್. ವಿಜಯಪುರದ ಕಡೆಯವನು, ಬೆಂಗಳೂರಿಗೆ ಬಂದು ಕೂದಲು ಹಣ್ಣು ಮಾಡಿಕೊಂಡಿದ್ದಾನೆ. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳಕ್ಕೆ ಹೋಗುವ 500ಡಿ ಅವನ ಗಾಡಿ. ಶಿವು ಆಟೋ ಓಡಿಸುತ್ತಾನೆ. ನಾನು ಮೇಷ್ಟ್ರು, ಏನನ್ನೂ ಓಡಿಸುವುದಿಲ್ಲ. ಹಾಗಾಗಿ ಇವರಿಬ್ಬರ ಡ್ರೈವಿಂಗ್ ಬಗ್ಗೆ ನನಗೆ ಬೇಕಾದಷ್ಟು ಅಭಿಪ್ರಾಯಗಳಿವೆ.

"ಮೊನ್ನೆ ಕೈ ಅಡ್ಡ ಹಿಡಿದರೂ ಒಂದು ಬಸ್ಸು ನಿಲ್ಲಿಸದೆ ಹೋಯಿತು ನೋಡಯ್ಯಾ" ಅಂದೆ. ಅನ್ನಬಾರದಿತ್ತು.

"ಎಲ್ಲಿ ನಿಂತಿದ್ರಿ ಮಾಸ್ತರ್ರ?"

"ಸ್ಟಾಪಿನಲ್ಲೇ."

"ಸ್ಟಾಪಿನಾಗೋ, ಸ್ಟಾಪಿನ ಹತ್ರಾನೋ?"

ನಾನು ವಡೆಯನ್ನು ಚಟ್ನಿಯಲ್ಲಿ ಅದ್ದುವುದರಲ್ಲಿ ಮಗ್ನನಾದೆ.

"ಗಾಡಿ ಹೊಡಿಯೋದು ಏನೂ ಕಷ್ಟ ಅಲ್ರಿ" ಅಂತ ಬಸಣ್ಣ ಶುರು ಮಾಡಿದ. "ನಿಲ್ಸೋದದ ನೋಡ್ರಿ, ಅದು ಕಷ್ಟ. ಸ್ಟಾಪಿಗೆ ಚಾವಣಿ ಹಾಕ್ಯಾರ, ಕುಂಡ್ರಾಕ ಬೆಂಚ್ ಹಾಕ್ಯಾರ. ಜನ ಎಲ್ಲಿರ್ತಾರ? ಇಪ್ಪತ್ತು ಹೆಜ್ಜೆ ಮುಂದ, ನಡು ರಸ್ತೆದಾಗ. ಅವರ ಮುಂದ ನಿಲ್ಸಿದ್ರ ಬೆಂಚಿನ ಮ್ಯಾಲೆ ಕುಂತ ಅಜ್ಜಿ ಬೈತಾಳ. ಅಜ್ಜಿ ಮುಂದ ನಿಲ್ಸಿದ್ರ ಇವರು ಓಡಿ ಬಂದು ಬೈತಾರ."

"ಸ್ಟಾಪಿಗೇ ಸೈಡಿಗೆ ತಂದು ನಿಲ್ಲಿಸಪ್ಪ ಮತ್ತೆ" ಅಂದೆ.

ಬಸಣ್ಣ ಮಾತಾಡಲಿಲ್ಲ. ಶಿವು ಕಡೆ ಬೆರಳು ತೋರಿಸಿದ, ಅಷ್ಟೇ. ಬಸ್ಸಿನ ಉದ್ದ ಸುಮಾರು 12 ಮೀಟರ್. ಅದನ್ನು ಸೈಡಿಗೆ ತರಬೇಕಾದ ಜಾಗದಲ್ಲಿ ಮೂರು ಆಟೋ ನಿಂತಿರುತ್ತವೆ, ಒಂದರಲ್ಲಿ ಡ್ರೈವರೇ ಇರುವುದಿಲ್ಲ.

"ಬಿಡಣ್ಣಾ, ಗಿರಾಕಿ ಅಲ್ಲೇ ಅಲ್ವಾ ಸಿಗೋದು?" ಅಂದ ಶಿವು. "ನೀನು ಬೇಗ ಬಂದ್ರೆ ನನಗ್ಯಾಕೆ ಗಿರಾಕಿ ಬರ್ತಾರೆ? ತಪ್ಪು ನಿಂದೇ."

ಬೇಗ ಬರುವುದು ಅಂದರೇನು ಅಂತ ಬಸಣ್ಣನಿಗೆ ಮರೆತೇ ಹೋಗಿದೆ. ಒಮ್ಮೆ ಸುಮ್ನೆ ಕ್ಲಚ್ ಎಷ್ಟು ಸಲ ಒತ್ತುತ್ತೇನೆ ಅಂತ ಎಣಿಸಲು ಹೊರಟನಂತೆ. ಸಿಲ್ಕ್ ಬೋರ್ಡ್ ಬಿಟ್ಟು ಅಗರ ಮುಟ್ಟುವುದರೊಳಗೆ ನೂರು ದಾಟಿತು. ಇಬ್ಬಲೂರಿನಲ್ಲಿ ಲೆಕ್ಕ ತಪ್ಪಿತು. ಬೆಳ್ಳಂದೂರಿನಲ್ಲಿ ಕಾಲೇ ಕಾಣೆಯಾಯಿತು. ಅವನ ಎಡ ಮಂಡಿ ಬಲ ಮಂಡಿಗಿಂತ ಹತ್ತು ವರ್ಷ ದೊಡ್ಡದು ಅಂತ ನಾವು ತಮಾಷೆ ಮಾಡುತ್ತೇವೆ. ಅವನೂ ನಗುತ್ತಾನೆ, ಮೇಜು ಹಿಡಿದುಕೊಂಡು.

"ರೇಷ್ಮೆ ಹುಳ ಗೂಡು ಕಟ್ಟೋಕೆ ಎರಡು ಮೂರು ದಿನ ಬೇಕು" ಅಂತ ನಾನು ಮೇಷ್ಟ್ರ ಜ್ಞಾನ ಬಿಚ್ಚಿದೆ.

"ಸಿಲ್ಕ್ ಬೋರ್ಡ್ ಸಿಗ್ನಲ್‌ದಾಗ ಬಿಡ್ರಿ ಅದನ್ನ. ಹಸಿರು ಬೀಳೋದ್ರೊಳಗ ಸೀರಿ ನೇಯ್ದು ಕೊಡ್ತದ."

ಇನ್ನು ಬಾನೆಟ್ಟಿನ ಕಥೆ. ಹಳೆ ಗಾಡಿಗಳಲ್ಲಿ ಇಂಜಿನ್ ಡ್ರೈವರ್ ಪಕ್ಕದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಅದು ದೋಸೆ ಕಾವಲಿ. ಅದರ ಮೇಲೆ ಟಿಫಿನ್ ಡಬ್ಬಿ, ಹೂವಿನ ಬುಟ್ಟಿ, ಒಂದೊಂದು ಸಲ ಯಾರದೋ ಮಗು. ಮಲ್ಲಿಗೆ ಬುಟ್ಟಿ ಇಟ್ಟ ದಿನ ಡೀಸೆಲ್ ವಾಸನೆಗೆ ಸ್ವಲ್ಪ ಬಿಡುವು. ಮುಂದಿನ ಬಾಗಿಲು ಹೆಂಗಸರದ್ದು, ಹಾಗಾಗಿ ವಿಚಾರಣೆ ಕೌಂಟರ್ ಕೂಡ ಡ್ರೈವರೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಫ್ರೀ. ಪ್ರಶ್ನೆಗಳು ಮೊದಲಿಂದಲೂ ಫ್ರೀ.

"ಮೊದಲು ಮೆಜೆಸ್ಟಿಕ್ ರೂಟಿನಾಗಿದ್ದೆ" ಅಂದ ಬಸಣ್ಣ. "ಬೋರ್ಡಿನಾಗ ಕೆಂಪೇಗೌಡ ಬಸ್ ನಿಲ್ದಾಣ ಅಂತ ಇಷ್ಟು ದಪ್ಪ ಅಕ್ಷರ. ಅದನ್ನ ಪೂರ್ತಿ ಓದಿ, 'ಮೆಜೆಸ್ಟಿಕ್ ಹೋಗ್ತದೇನ್ರಿ?' ಅಂತಿದ್ರು. ಹೌದ್ರಿ ಅಂದ್ರ, 'ಖರೇನಾ?'"

ಶಿವು ಮತ್ತೆ ನೀರು ತರಿಸಿದ. ಬಸಣ್ಣನ ಲೋಟ ಮಾತ್ರ ಹಾಗೇ ಇತ್ತು. ಡ್ಯೂಟಿ ದಿನ ಅವನು ನೀರು ಅಳೆದು ಕುಡಿಯುತ್ತಾನೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನ ತುಂಬ ಜನರನ್ನು ಇಟ್ಟುಕೊಂಡು ಮಾರತ್ತಹಳ್ಳಿ ಸೇತುವೆ ಹತ್ತಿರ ಎಲ್ಲಿ ಇಳಿಯೋದು? ಆ ಅಭ್ಯಾಸ ರಜೆಗೂ ಅಂಟಿಕೊಂಡಿದೆ. ಇಷ್ಟು ಹೊತ್ತು ಅವನು ಹೇಳಿದ್ದಕ್ಕೆಲ್ಲ ನಕ್ಕಿದ್ದ ನಾವು ಇದಕ್ಕೆ ಮಾತ್ರ ನಗಲಿಲ್ಲ. ಶಿವು ಲೋಟ ಅವನ ಕಡೆ ತಳ್ಳಿ, "ಕುಡಿಯಣ್ಣಾ, ಇವತ್ತು ಆಟೋದಲ್ಲಿ ಹೋಗೋದು. ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ" ಅಂದ.

"ಅದs ಅಲ್ಲೇನೋ ನಿನ್ನ ರೋಗ!"

ಸೋಮವಾರ ಬೆಳಗ್ಗೆ ಸ್ಟಾಪಿಗೆ ಹೋದೆ. ಬೆಂಚಿನ ಮೇಲೆ ಬಿಸಿಲು. ಇಪ್ಪತ್ತು ಹೆಜ್ಜೆ ಮುಂದೆ ಹೊಂಗೆ ಮರ, ಒಳ್ಳೆ ನೆರಳು. ನಿಂತೆ. 500ಡಿ ಬಂತು, ಕೈ ಅಡ್ಡ ಹಿಡಿದೆ. ಗಾಡಿ ಸ್ಟಾಪಿನ ಚಾವಣಿಗೆ ಸರಿಯಾಗಿ ನಿಂತಿತು, ಒಂದು ಅಡಿ ಈಚೆಗಿಲ್ಲ. ಬ್ಯಾಗು, ಛತ್ರಿ, ಮಕ್ಕಳ ನೋಟ್ ಪುಸ್ತಕದ ಕಟ್ಟು ಎಲ್ಲ ಹಿಡಿದುಕೊಂಡು ಹಿಂದಕ್ಕೆ ಓಡಿದೆ. "ಹೋಲ್ಡಾನ್, ಮೇಷ್ಟ್ರು ಬರ್ತಾವ್ರೆ" ಅಂತ ಕಂಡಕ್ಟರ್ ಕೂಗಿದ. ಹತ್ತಿ ಏದುಸಿರು ಬಿಡುತ್ತಾ ನೋಡಿದರೆ, ಮುಂದಿನ ಕನ್ನಡಿಯಲ್ಲಿ ಬಸಣ್ಣನ ಮೀಸೆ ನಗುತ್ತಿತ್ತು.

"ರೈಟ್!" ಅಂದ ಕಂಡಕ್ಟರ್.

ಬಸ್ಸು ಹೊರಡಲಿಲ್ಲ. ಹಾರ್ನ್ ಹೊಡೆದರೂ ಹೊರಡಲಿಲ್ಲ. ಬಗ್ಗಿ ನೋಡಿದೆ. ಎದುರಿಗೆ ಶಿವು ಆಟೋ ಅಡ್ಡ ನಿಂತಿತ್ತು, ಶಿವು ಒಳಗಿರಲಿಲ್ಲ.