ಬೈಬಲ್ಲಿನ ಯಾಜಕಕಾಂಡ 13ರ ‘ಕುಷ್ಠ’ ನಿಜಕ್ಕೂ ಕುಷ್ಠವೇನಾ? ಗೋಡೆಗೂ ಬರುತ್ತದಂತೆ!

ಭಾನುವಾರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಗದಗದ ಕಡೆಯವಳು. ಚರ್ಚಿನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೋದ ವಾರ ನಾಮಾನನ ಕಥೆ ಇತ್ತು. ಸಿರಿಯಾದ ಸೇನಾಪತಿ, ಮೈಗೆ ಕುಷ್ಠ ಹತ್ತಿದೆ, ಪ್ರವಾದಿ ಎಲೀಷ ಹೇಳಿದ ಹಾಗೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ವಾಸಿಯಾಗುತ್ತಾನೆ. ಕಥೆ ಮುಗಿಯುವ ಮೊದಲೇ ಆರನೇ ಕ್ಲಾಸಿನ ಹುಡುಗ ಕೈ ಎತ್ತಿದ. “ಮಿಸ್, ಕುಷ್ಠ ಆದವರು ಊರ ಹೊರಗೆ ಇರಬೇಕು ಅಂತ ಹೋದ ತಿಂಗಳು ಹೇಳಿದ್ರಿ. ಇವನು ಹೆಂಗೆ ಮಿಲಿಟರಿ ನಡೆಸ್ತಾನೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದೆ. ಮನೆಗೆ ಬಂದು ಯಾಜಕಕಾಂಡ 13, 14 ಓದಿದರೆ ತಲೆ ಇನ್ನಷ್ಟು ಕೆಟ್ಟಿತು. ಚರ್ಮ ನೋಡುವವನು ವೈದ್ಯ ಅಲ್ಲ, ಯಾಜಕ, ಅಂದರೆ ಪುರೋಹಿತ. ಬಟ್ಟೆಗೆ ಕುಷ್ಠ ಬರುತ್ತದೆ. ಮನೆ ಗೋಡೆಗೂ ಬರುತ್ತದೆ, ಹಸಿರು ಅಥವಾ ಕೆಂಪು ಬಣ್ಣದಲ್ಲಿ! ಇನ್ನೂ ವಿಚಿತ್ರ ಅಂದರೆ, ರೋಗ ತಲೆಯಿಂದ ಕಾಲಿನವರೆಗೆ ಹರಡಿ ಮೈಯೆಲ್ಲ ಬೆಳ್ಳಗಾದರೆ ಅವನು ಶುದ್ಧ ಅಂತೆ. ಅಲ್ಲ, ಜಾಸ್ತಿ ಆದರೆ ಶುದ್ಧ, ಕಮ್ಮಿ ಇದ್ದರೆ ಅಶುದ್ಧ, ಇದ್ಯಾವ ಲೆಕ್ಕ?

ಇನ್ನೊಂದು ಪ್ರಶ್ನೆ ನನ್ನದೇ. ಹೀಗೆ ಹೊರಗೆ ಹಾಕಿದವರು ಸತ್ತರೆ ಎಲ್ಲಿ ಹೂಳುತ್ತಿದ್ದರು? ಮನೆಯವರ ಜೊತೆಗಾ, ಬೇರೆಯಾ? ಗೊತ್ತಿದ್ದವರು ಹೇಳಿ ಪ್ಲೀಸ್.

ಲಾಜಿಕ್ ಬೇಕು

ಇದರಲ್ಲಿ ಗೊಂದಲ ಏನಿದೆ ಮೇಡಂ? ಅಂಟುರೋಗ, ಏಳು ದಿನ ಬೇರೆ ಇಡುತ್ತಿದ್ದರು, ಬಾಯಿ ಮುಚ್ಚಿಕೊಳ್ಳಬೇಕಿತ್ತು. ಕ್ವಾರಂಟೈನ್ ಮತ್ತು ಮಾಸ್ಕ್! ನಾವು 2020ರಲ್ಲಿ ಮಾಡಿದ್ದನ್ನು ಅವರು ಅವತ್ತೇ ಮಾಡಿದ್ದರು. ಗೋಡೆಗೆ ಬರುವುದು ಬೂಷ್ಟು ಅಷ್ಟೇ.

ಹಳೇ ಸೈಕಲ್

ಟೀಚರ್ ಅವರೇ, ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಇಪ್ಪತ್ತೆಂಟು ವರ್ಷ ಕುಷ್ಠರೋಗ ವಿಭಾಗದಲ್ಲಿ ಪ್ಯಾರಾಮೆಡಿಕಲ್ ವರ್ಕರ್ ಆಗಿದ್ದೆ. ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಜನರ ಅಂಗಿ ಬಿಚ್ಚಿಸಿ ಮಚ್ಚೆ ಹುಡುಕುವುದೇ ಕೆಲಸ. ನಾನು ಕ್ರೈಸ್ತ ಅಲ್ಲ. ಆದರೆ ಮೊದಲ ಐದು ವರ್ಷ ಇದ್ದದ್ದು ಒಂದು ಮಿಷನ್ ಆಸ್ಪತ್ರೆಯಲ್ಲಿ. ನೈಟ್ ಡ್ಯೂಟಿಯಲ್ಲಿ ಓದಲಿಕ್ಕೆ ಇದ್ದ ಒಂದೇ ಪುಸ್ತಕ ಬೈಬಲ್. ಯಾಜಕಕಾಂಡ 13ನ್ನು ನಾನು ಡ್ಯೂಟಿ ಮ್ಯಾನ್ಯುಯಲ್ ಓದಿದ ಹಾಗೆ ಓದಿದ್ದೇನೆ.

ನಮ್ಮ ಪರೀಕ್ಷೆ ಹೀಗಿತ್ತು. ಮಚ್ಚೆ ಕಂಡರೆ ರೋಗಿಗೆ ಕಣ್ಣು ಮುಚ್ಚಲು ಹೇಳುವುದು. ಹತ್ತಿಯ ಎಳೆ ಅಥವಾ ಬಾಲ್‌ಪೆನ್ ತುದಿಯನ್ನು ಮೆಲ್ಲಗೆ ತಾಗಿಸುವುದು. “ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸು.” ಸರಿಯಾದ ಚರ್ಮದ ಮೇಲೆ ತಕ್ಷಣ ತೋರಿಸುತ್ತಾರೆ. ಮಚ್ಚೆ ಮೇಲೆ ಮುಟ್ಟಿದಾಗ ಸುಮ್ಮನೆ ಕಾಯುತ್ತಾ ಕೂತಿರುತ್ತಾರೆ, ನಾನು ಇನ್ನೂ ಮುಟ್ಟೇ ಇಲ್ಲ ಅನ್ನುವ ಹಾಗೆ. ಆ ಮೌನವೇ ಕುಷ್ಠ. ಆಮೇಲೆ ಮೊಣಕೈ ಹಿಂದೆ ನರ ಹಿಡಿದು ನೋಡುವುದು, ದಪ್ಪ ಆಗಿದೆಯಾ ಅಂತ.

ಈಗ ಯಾಜಕಕಾಂಡ ನೋಡಿ. ಐವತ್ತೊಂಬತ್ತು ವಚನ ಇದೆ. ಸ್ಪರ್ಶದ ಮಾತೇ ಇಲ್ಲ. ಜೋಮು ಇಲ್ಲ, ಸೊಟ್ಟ ಬೆರಳಿಲ್ಲ, ಕಾಲಿನ ಹುಣ್ಣಿಲ್ಲ. ಯಾಜಕ ಕಣ್ಣಲ್ಲೇ ನೋಡುತ್ತಾನೆ. ಮಚ್ಚೆಯಲ್ಲಿರುವ ಕೂದಲು ಬಿಳಿಯಾಗಿದೆಯಾ? ಚರ್ಮಕ್ಕಿಂತ ಆಳ ಕಾಣುತ್ತದಾ? ಹಸಿ ಮಾಂಸ ಇದೆಯಾ? ತಲೆ, ಗಡ್ಡದಲ್ಲಾದರೆ ಕೂದಲು ತೆಳ್ಳಗೆ ಹಳದಿಯಾಗಿದೆಯಾ? ಅನುಮಾನ ಇದ್ದರೆ ಏಳು ದಿನ ಬಿಟ್ಟು ಮತ್ತೆ ನೋಡುತ್ತಾನೆ. ಕುಷ್ಠದ ಮಚ್ಚೆ ಏಳು ದಿನದಲ್ಲಿ ಏನೂ ಬದಲಾಗಲ್ಲ ಸ್ವಾಮಿ, ಅದು ವರ್ಷಗಟ್ಟಲೆ ತೆಗೆದುಕೊಳ್ಳುವ ರೋಗ. ಬಿಳಿ ಮಚ್ಚೆಯಲ್ಲಿ ಬಿಳಿ ಕೂದಲು ನಮ್ಮಲ್ಲಿ ತೊನ್ನಿನ ಗುರುತು. ಹೊಟ್ಟು ಉದುರಿದರೆ ಸೋರಿಯಾಸಿಸ್ ಇರಬಹುದು, ತಲೆಯದ್ದು ಗಜಕರ್ಣ ಇರಬಹುದು. ಒಂದೇ ರೋಗ ಅಂತೂ ಅಲ್ಲ.

ಹೀಬ್ರೂ ಶಬ್ದ ‘ಸಾರಾಅತ್’. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕಿಗೆ ಅನುವಾದ ಮಾಡಿದವರು ಅದಕ್ಕೆ ‘ಲೆಪ್ರಾ’ ಅಂದರು. ಅಂದರೆ ಹೊಟ್ಟು ಏಳುವ ಚರ್ಮ. ಅವರೇನೂ ತಪ್ಪು ಮಾಡಲಿಲ್ಲ. ನಾವು ಕುಷ್ಠ ಅನ್ನುವ ರೋಗಕ್ಕೆ ಗ್ರೀಕ್ ವೈದ್ಯರ ಹೆಸರೇ ಬೇರೆ ಇತ್ತು. ಶತಮಾನಗಳು ಕಳೆದ ಮೇಲೆ ಯುರೋಪಿನಲ್ಲಿ ಎರಡೂ ಒಂದಾಗಿಬಿಟ್ಟವು. ಆ ಗಂಟೇ ಕನ್ನಡ ಬೈಬಲ್ಲಿಗೂ ಬಂತು. ನಾರ್ವೆಯ ಹ್ಯಾನ್ಸನ್ ರೋಗಾಣು ಕಂಡದ್ದು 1873ರಲ್ಲಿ. ಅಷ್ಟರಲ್ಲಿ ಯಾಜಕಕಾಂಡದ ಶಾಪ ಪೂರ್ತಿ ನನ್ನ ರೋಗಿಗಳ ತಲೆ ಮೇಲೆ ಕೂತಿತ್ತು.

‘ಲಾಜಿಕ್ ಬೇಕು’ ಅವರಿಗೆ: ಅಂಟುರೋಗದ ಭಯ ಅಂದರೆ ಇದಕ್ಕೆ ಏನು ಹೇಳುತ್ತೀರಿ? ಗೋಡೆಗೆ ಮಚ್ಚೆ ಬಂದ ಮನೆಗೆ ಯಾಜಕ ಬರುವ ಮೊದಲು ಸಾಮಾನೆಲ್ಲ ಹೊರಗಿಡಬೇಕು. ಯಾಕೆ? ಅವನು ಬಂದು ‘ಅಶುದ್ಧ’ ಅಂದರೆ ಒಳಗಿದ್ದದ್ದೆಲ್ಲ ಅಶುದ್ಧ ಆಗುತ್ತದೆ. ಅವನು ಬಾಯಿ ಬಿಡುವವರೆಗೆ ಅದೇ ಪಾತ್ರೆ, ಅದೇ ಹಾಸಿಗೆ ಶುದ್ಧ. ಯಾವ ಬ್ಯಾಕ್ಟೀರಿಯಾ ಸ್ವಾಮಿ, ಅಪ್ಪಣೆಗೆ ಕಾಯುವುದು? ಕ್ರಿಸ್ತಶಕ 200ರ ಹೊತ್ತಿಗೆ ಯಹೂದಿ ಗುರುಗಳು ಒಟ್ಟುಮಾಡಿದ ಮಿಷ್ನಾ ಅನ್ನುವ ನಿಯಮಗಳ ಸಂಗ್ರಹದಲ್ಲಿ ಇನ್ನೂ ಸ್ವಾರಸ್ಯ ಇದೆ. ಮದುಮಗನಿಗೆ ಮಚ್ಚೆ ಕಂಡರೆ ಮದುವೆಯ ಏಳು ದಿನ ಪರೀಕ್ಷೆ ಮಾಡಬಾರದು. ಊಟ, ಹಾಡು, ನೆಂಟರು ಎಲ್ಲ ಮುಗಿಯಲಿ. ಅಂಟುರೋಗ ಆಗಿದ್ದರೆ ಮದುವೆ ಮನೆಯಿಂದಲೇ ಅವನನ್ನು ಮೊದಲು ಎಬ್ಬಿಸಬೇಕಿತ್ತು. ಮೋಡ ಕವಿದ ದಿನವೂ ನೋಡಬಾರದು ಅಂತಿದೆ. ಇದನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಮಳೆಗಾಲದಲ್ಲಿ ಮಚ್ಚೆ ನೋಡಿ ಎಷ್ಟು ಸಲ ಮೋಸ ಹೋಗಿದ್ದೇನೋ.

ನಿಮ್ಮ ಆರನೇ ಕ್ಲಾಸಿನ ಹುಡುಗನಿಗೂ ಅಲ್ಲೇ ಉತ್ತರ ಇದೆ. ಇಸ್ರಾಯೇಲರಲ್ಲದವರ ಮಚ್ಚೆ ಅಶುದ್ಧ ಅಲ್ಲವೇ ಅಲ್ಲ ಅನ್ನುತ್ತದೆ ಮಿಷ್ನಾ. ನಾಮಾನ ಸಿರಿಯಾದವನು. ಅವನಿಗೆ ರೋಗ ಇತ್ತು, ಮೈಲಿಗೆ ಇರಲಿಲ್ಲ.

ಇನ್ನು ಯಾಜಕ ಯಾಕೆ ಅನ್ನುವುದು. ಮಿಷ್ನಾ ಪ್ರಕಾರ ಚರ್ಮ ನೋಡಿ ತಿಳಿಯುವವನು ಯಾರಾದರೂ ಆಗಬಹುದು. ಆದರೆ ‘ಶುದ್ಧ’, ‘ಅಶುದ್ಧ’ ಅನ್ನುವ ಮಾತು ಯಾಜಕನ ಬಾಯಿಂದಲೇ ಬರಬೇಕು. ಯಾಜಕನಿಗೆ ಏನೂ ತಿಳಿಯದಿದ್ದರೆ ತಿಳಿದವನು ಪಕ್ಕದಲ್ಲಿ ನಿಂತು “ಅಶುದ್ಧ ಅನ್ನು” ಅಂತ ಹೇಳಿಕೊಡುತ್ತಾನೆ, ಇವನು ಅನ್ನುತ್ತಾನೆ.

ಇದನ್ನು ಓದಿ ನಗು ಬಂತು, ಆಮೇಲೆ ನಿಂತುಹೋಯಿತು. ಒಮ್ಮೆ ಒಬ್ಬ ಹೆಣ್ಣುಮಗಳನ್ನು ಅವಳ ಅಣ್ಣ ಕರೆದುಕೊಂಡು ಬಂದ. ಗಂಡನ ಮನೆಯಿಂದ ಹೊರಗೆ ಹಾಕಿದ್ದರು. ಕೈ ಮೇಲೆ, ತುಟಿ ಹತ್ತಿರ ಬಿಳಿ. ಹತ್ತಿ ಎಳೆ ತಾಗಿಸಿದೆ, ಪಟ್ ಅಂತ ತೋರಿಸಿದಳು. ಬರೀ ತೊನ್ನು. ನಾನು ಖುಷಿಯಿಂದ ಹೇಳಿದೆ, “ಏನೂ ಇಲ್ಲಮ್ಮ, ಮನೆಗೆ ಹೋಗು.” ಅಣ್ಣ ಕದಲಲಿಲ್ಲ. “ನೀವು ಹೇಳಿದ್ರೆ ಆಗಲ್ಲ ಸಾರ್. ಡಾಕ್ಟ್ರ ಸೈನು, ಸೀಲು ಬೇಕು.” ಡಾಕ್ಟರು ಅವಳ ಕಡೆ ತಲೆ ಎತ್ತಿ ಸಹ ನೋಡದೆ, ನಾನು ಬರೆದದ್ದಕ್ಕೆ ಸೀಲು ಒತ್ತಿದರು. ಅಣ್ಣ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಒಳಜೇಬಿಗೆ ಇಟ್ಟುಕೊಂಡ.

ಕಡೇ ಮಾತು, ಇದೇ ಮುಖ್ಯ. ಯಾಜಕ ಗುಣ ಮಾಡುವುದಿಲ್ಲ. ವಾಸಿಯಾದ ಮೇಲೆ ಪಾಳೆಯದ ಹೊರಗೆ ಹೋಗಿ ನೋಡಿ, ಒಳಗೆ ಕರೆಯುತ್ತಾನೆ ಅಷ್ಟೇ. ಆಗ ಬೇಕಾದದ್ದು ಎರಡು ಹಕ್ಕಿ, ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪ್ ಗಿಡ, ಮಣ್ಣಿನ ಪಾತ್ರೆಯಲ್ಲಿ ಹರಿಯುವ ನೀರು. ಒಂದು ಹಕ್ಕಿ ಕೊಯ್ಯುತ್ತಾರೆ, ಇನ್ನೊಂದನ್ನು ಬಯಲಿಗೆ ಹಾರಿಬಿಡುತ್ತಾರೆ. ಈಗ ಅರಣ್ಯಕಾಂಡ 19 ತೆರೆಯಿರಿ. ಹೆಣ ಮುಟ್ಟಿದವರ ಶುದ್ಧಿಗೆ ಕೆಂಪು ಹಸುವನ್ನು ಸುಡುತ್ತಾರೆ. ಬೆಂಕಿಗೆ ಹಾಕುವುದು ಏನು? ದೇವದಾರು, ಹಿಸ್ಸೋಪ್, ಕೆಂಪು ದಾರ. ಬೂದಿಗೆ ಹರಿಯುವ ನೀರು. ಅದೇ ಪಟ್ಟಿ! ಹೊರಗೆ ಹಾಕಿದವನು ಬಟ್ಟೆ ಹರಿದುಕೊಂಡು, ತಲೆ ಕೆದರಿಕೊಂಡು, ಮೇಲ್ದುಟಿ ಮುಚ್ಚಿಕೊಳ್ಳಬೇಕಲ್ಲ, ಅದು ಮಾಸ್ಕ್ ಅಲ್ಲ. ಅವರಲ್ಲಿ ಸಾವಾದ ಮನೆಯವರು ಮಾಡುತ್ತಿದ್ದದ್ದೇ ಹಾಗೆ. ಇವನು ತನ್ನ ಸಾವಿಗೆ ತಾನೇ ಅಳಬೇಕು. ಮೋಶೆಯ ಅಕ್ಕ ಮಿರ್ಯಾಮಳಿಗೆ ಈ ರೋಗ ಬಂದಾಗ ಅವಳ ಒಡಹುಟ್ಟಿದ ಆರೋನ ಬೇಡಿಕೊಳ್ಳುವುದೂ ಹಾಗೇ, ಇವಳು ಸತ್ತವಳ ಹಾಗೆ ಆಗದಿರಲಿ ಅಂತ. ಚರ್ಮ ಸುಲಿಯುತ್ತಿದ್ದರೆ ಅವರ ಕಣ್ಣಿಗೆ ಅದು ಕೊಳೆಯುವ ಹೆಣದ ಹಾಗೆ. ಈ ಹೋಲಿಕೆ ನನ್ನ ಸ್ವಂತದ್ದಲ್ಲ, ಪಂಡಿತರು ಹಿಂದೆಯೇ ಹೇಳಿದ್ದಾರೆ. ಮೈಯೆಲ್ಲ ಬೆಳ್ಳಗಾದರೆ ಯಾಕೆ ಶುದ್ಧ ಅನ್ನುವುದಕ್ಕೂ ಇಲ್ಲೇ ದಾರಿ ಇದೆ ಅನ್ನಿಸುತ್ತದೆ. ಹಸಿ ಮಾಂಸ ಇಲ್ಲ, ಸಾವು-ಬದುಕು ಒಂದೇ ಮೈಯಲ್ಲಿ ಕಲಸಿಲ್ಲ.

ಲಾಜಿಕ್ ಬೇಕು

ಮದುಮಗನ ಪಾಯಿಂಟಿಗೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿದೆ. ಬೂಷ್ಟು ಮಾತ್ರ ಬಿಟ್ಟುಕೊಡಲ್ಲ.

ಹಳೇ ಸೈಕಲ್

ಬೂಷ್ಟೇ ಇರಬಹುದು. ಇಟ್ಟುಕೊಳ್ಳಿ.

ದೂರದ ಊರು

ಹೂಳುವ ಬಗ್ಗೆ ನಾನು ಹೇಳುತ್ತೇನೆ. ನಾನು ಬೆಳ್ತಂಗಡಿಯವಳು, ಜೆರುಸಲೇಮಿನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೇರ್‌ಗಿವರ್ ಕೆಲಸ. ರಜೆಯ ದಿನ ನಡೆಯುವುದೇ ನನ್ನ ಹವ್ಯಾಸ.

ಹಿನ್ನೋಮ್ ಕಣಿವೆಯ ಮೇಲೆ ಕೆತೆಫ್ ಹಿನ್ನೋಮ್ ಅನ್ನುವ ಜಾಗ ಇದೆ. ಬಂಡೆ ಕೊರೆದು ಮಾಡಿದ ಸಮಾಧಿಗಳು, ಯೆಹೂದದ ಅರಸರ ಕಾಲದವು. ಒಳಗೆ ಗೋಡೆಗೆ ಹೊಂದಿಕೊಂಡು ಕಲ್ಲಿನ ಜಗಲಿ. ಒಂದು ಕೋಣೆಯಲ್ಲಿ ಸಾಲಾಗಿ ತಲೆ ಇಡುವ ಗುಳಿ ಕೊರೆದಿದ್ದಾರೆ, ಕಲ್ಲಿನ ದಿಂಬು. ಚಾವಣಿ ಈಗ ಬಿದ್ದುಹೋಗಿದೆ, ಮೇಲೆ ಆಕಾಶ. ಹೆಣವನ್ನು ಜಗಲಿ ಮೇಲೆ ಮಲಗಿಸುವುದು. ಮಾಂಸ ಕರಗಿದ ಮೇಲೆ, ಮುಂದಿನವರಿಗೆ ಜಾಗ ಬೇಕಾದಾಗ, ಮೂಳೆ ಎತ್ತಿ ಜಗಲಿ ಕೆಳಗಿನ ಗುಂಡಿಗೆ ಹಾಕುವುದು. ಅಜ್ಜನ ಮೂಳೆ ಮೇಲೆ ಅಪ್ಪನದು, ಅದರ ಮೇಲೆ ಮಗನದು. ಬೈಬಲ್ಲಿನಲ್ಲಿ “ಪಿತೃಗಳ ಬಳಿಗೆ ಸೇರಿದನು” ಅಂತ ಬರುತ್ತಲ್ಲ, ಅಲ್ಲಿ ನಿಂತರೆ ಅದು ಬರೀ ಮಾತಿನ ಅಲಂಕಾರ ಅಲ್ಲ ಅಂತ ಗೊತ್ತಾಗುತ್ತದೆ.

1979ರಲ್ಲಿ ಪುರಾತತ್ವಜ್ಞ ಗೇಬ್ರಿಯಲ್ ಬರ್ಕಾಯ್ ಇಲ್ಲಿ ಅಗೆದಾಗ ಸಹಾಯಕ್ಕೆ ಬಂದಿದ್ದ ಹದಿಮೂರು ವರ್ಷದ ಹುಡುಗನೊಬ್ಬ ಬೇಜಾರಾಗಿ ಸುತ್ತಿಗೆಯಲ್ಲಿ ನೆಲ ಕುಟ್ಟಿದನಂತೆ. ನೆಲ ಒಡೆಯಿತು. ಅದು ನೆಲ ಅಲ್ಲ, ಗುಂಡಿಯ ಮೇಲೆ ಕುಸಿದಿದ್ದ ಚಾವಣಿ. ಕೆಳಗೆ ಕಳ್ಳರ ಕೈಗೆ ಸಿಗದೆ ಉಳಿದ ಮೂಳೆ, ಮಡಕೆ, ಆಭರಣ. ಎರಡು ಪುಟ್ಟ ಬೆಳ್ಳಿ ಸುರುಳಿಗಳೂ ಇದ್ದವು. ಬಿಚ್ಚಿ ನೋಡಿದರೆ “ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ” ಅನ್ನುವ ಅರಣ್ಯಕಾಂಡದ ಮಾತು. ಯಾಜಕರು ಹೇಳುವ ಆಶೀರ್ವಾದ, ಯಾಜಕರು ಕಾಲಿಡಬಾರದ ಜಾಗದಲ್ಲಿ!

ಯಾಜಕ ತಂದೆ, ತಾಯಿ, ಮಕ್ಕಳಂಥ ಹತ್ತಿರದ ರಕ್ತಸಂಬಂಧಿಗಳ ಹೆಣ ಮಾತ್ರ ಮುಟ್ಟಬಹುದಿತ್ತು. ಮಹಾಯಾಜಕನಿಗೆ ಹೆತ್ತವರದ್ದೂ ಇಲ್ಲ. ಈ ನಿಯಮ ಈಗಲೂ ಉಳಿದಿದೆ. ಅಜ್ಜಿಯ ನೆರೆಮನೆಯವರು ತೀರಿಕೊಂಡಾಗ ಸ್ಮಶಾನದ ಗೇಟಿನ ಹೊರಗೆ ರಸ್ತೆಯಲ್ಲಿ ಮುದುಕರೊಬ್ಬರು ನಿಂತೇ ಇದ್ದರು. ಬಿಸಿಲು. ಒಳಗೆ ಕರೆಯೋಣ ಅಂತ ಹೊರಟೆ. ಅಜ್ಜಿ ನನ್ನ ಕೈ ಹಿಡಿದು “ಕೊಹೇನ್” ಅಂದರು, ಅಷ್ಟೇ. ಯಾಜಕರ ವಂಶದವರು ಅಂತ. ವಾಪಸ್ ಬರುವಾಗ ಎಲ್ಲರೂ ನಲ್ಲಿ ಹತ್ತಿರ ನಿಂತು ಕೈ ತೊಳೆದರು. ನನಗೆ ಊರಿನ ಸೂತಕ ನೆನಪಾಯಿತು.

ರೋಗಿಗಳ ಸಮಾಧಿಗೆ ಒಂದೇ ಉದಾಹರಣೆ ಗೊತ್ತು, ಅರಸ ಉಜ್ಜೀಯ. ಧೂಪ ಹಾಕಲು ದೇವಾಲಯಕ್ಕೆ ನುಗ್ಗಿದ, ಹಣೆಯ ಮೇಲೆ ರೋಗ ಎದ್ದಿತು, ಸಾಯುವವರೆಗೆ ಬೇರೆ ಮನೆ. ಸತ್ತ ಮೇಲೂ ಅರಸರ ಗೋರಿಗಳ ಪಕ್ಕದ ಹೊಲದಲ್ಲಿ ಹೂಳಿದರು. ಇಸ್ರೇಲ್ ಮ್ಯೂಸಿಯಂನಲ್ಲಿ ಒಂದು ಸಣ್ಣ ಕಲ್ಲಿನ ಫಲಕ ಇದೆ, 1931ರಲ್ಲಿ ಎಣ್ಣೆಮರಗಳ ಗುಡ್ಡದ ರಷ್ಯನ್ ಮಠದಲ್ಲಿ ಕಂಡದ್ದು. ಅವನು ಸತ್ತು ಏಳುನೂರು ವರ್ಷಗಳ ಮೇಲೆ ಅರಾಮಿಕ್ ಭಾಷೆಯಲ್ಲಿ ಕೆತ್ತಿದ್ದು. “ಯೆಹೂದದ ಅರಸ ಉಜ್ಜೀಯನ ಮೂಳೆಗಳನ್ನು ಇಲ್ಲಿಗೆ ತರಲಾಯಿತು. ತೆರೆಯಬೇಡಿ.”

ಭಾನುವಾರದ ಟೀಚರ್

ಅಬ್ಬಾ. ಸತ್ತ ಮೇಲೂ ಬಿಡಲಿಲ್ಲ ಅಂದಹಾಗಾಯಿತು.

ಹಳೇ ಸೈಕಲ್

ಅಷ್ಟು ಬೇಗ ಹೇಳಬೇಡಿ ಟೀಚರ್. ಬೆಳ್ತಂಗಡಿಯ ತಂಗಿ ನಿಂತ ಆ ಕಣಿವೆಯಲ್ಲೇ ಕೆಳಗೆ ಅಕೆಲ್ದಮ ಇದೆ, ಯೇಸುವಿಗೆ ದ್ರೋಹ ಮಾಡಿದ ಯೂದನ ಕಥೆಯ ರಕ್ತದ ಹೊಲ. ಅಲ್ಲಿ 2000ದಲ್ಲಿ, ಕಳ್ಳರು ಆಗಲೇ ನುಗ್ಗಿದ್ದ ಒಂದು ಸಮಾಧಿಯನ್ನು ಪರಿಶೀಲಿಸಿದರು. ಯೇಸುವಿನ ಕಾಲದ್ದು. ಆಗ ಪದ್ಧತಿ ಸ್ವಲ್ಪ ಬದಲಾಗಿತ್ತು. ಹೆಣವನ್ನು ಗೋಡೆಯ ಗೂಡಿನಲ್ಲಿಟ್ಟು, ಒಂದು ವರ್ಷದ ನಂತರ ಮೂಳೆ ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಆ ಸಮಾಧಿಯಲ್ಲಿ ಒಬ್ಬನ ಮೂಳೆ ಮಾತ್ರ ಆರಿಸಿರಲಿಲ್ಲ. ಗೂಡಿನ ಬಾಯಿಗೆ ಗಾರೆ ಮೆತ್ತಿ ಮುಚ್ಚಿದ್ದರು. ಒಳಗೆ ಹೊದಿಕೆಯ ಬಟ್ಟೆಯ ಚೂರು, ತಲೆಗೂದಲು ಕೂಡ ಉಳಿದಿತ್ತು.

2009ರಲ್ಲಿ ಡಿಎನ್‌ಎ ಫಲಿತಾಂಶ ಬಂತು. ಅವನಿಗೆ ಕ್ಷಯ ಇತ್ತು. ಜೊತೆಗೆ ನಮ್ಮ ಕುಷ್ಠ, ಹ್ಯಾನ್ಸನ್ ಕಂಡ ಅದೇ ರೋಗಾಣು. (ನಮ್ಮ ದೇಶದಲ್ಲಿ ಇದು ಇನ್ನೂ ಹಳೆಯದು. ರಾಜಸ್ಥಾನದ ಬಾಲಾಥಲ್‌ನಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಕುಷ್ಠದ ಅಸ್ಥಿಪಂಜರ ಸಿಕ್ಕಿದೆ.)

ಗಾರೆ ಮೆತ್ತಿದ್ದು ಭಯದಿಂದ ಇರಬಹುದು ಅಂತ ಸಂಶೋಧಕರ ಊಹೆ. ಇರಲಿ. ಆದರೆ ನಾನು ನೋಡುವುದು ಬೇರೆ. ಅನುಕೂಲಸ್ಥರ ಸಮಾಧಿ ಅದು. ಅವನನ್ನು ಬಟ್ಟೆ ಸುತ್ತಿ, ಮನೆಯವರ ಪೆಟ್ಟಿಗೆಗಳ ನಡುವೆ, ಅದೇ ಸಮಾಧಿಯೊಳಗೆ ಮಲಗಿಸಿದ್ದಾರೆ. ಊರ ಹೊರಗಿನ ಬಯಲಿನಲ್ಲಿ ಅಲ್ಲ. ನಿಜವಾದ ಕುಷ್ಠ ಇದ್ದವನು ಮನೆಯವರ ಜೊತೆ ಮಲಗಿದ, ಹೊಟ್ಟು ಉದುರುವ ಚರ್ಮದವನು ‘ಅಶುದ್ಧ, ಅಶುದ್ಧ’ ಅಂತ ಕೂಗುತ್ತಾ ಹೊರಗೆ ನಿಂತ. ನನ್ನ ಸರ್ವಿಸಿನಲ್ಲಿ ಮೂರು ಹೆಣಗಳಿಗೆ ನಾನೂ ಆಸ್ಪತ್ರೆಯ ವಾಚ್‌ಮನ್ನೂ ಮಾತ್ರ ಹೆಗಲು ಕೊಟ್ಟಿದ್ದೇವೆ. ಅದರಲ್ಲಿ ಇಬ್ಬರು ಔಷಧಿ ಮುಗಿಸಿ ಪೂರ್ತಿ ವಾಸಿಯಾದವರು.

ಭಾನುವಾರದ ಟೀಚರ್

ಸರ್, ಈ ಭಾನುವಾರ ಮಕ್ಕಳಿಗೆ ಹತ್ತಿ ಎಳೆಯ ಪರೀಕ್ಷೆ ಮಾಡಿ ತೋರಿಸಲಾ? ಆ ಹುಡುಗನ ಕೈ ಮೇಲೇ ಮಾಡಬೇಕು ಅಂತಿದ್ದೇನೆ. ತಪ್ಪಾಗಲ್ಲ ತಾನೇ?

ಹಳೇ ಸೈಕಲ್

ತಪ್ಪೇನಿಲ್ಲ, ಮಾಡಿ. ಹತ್ತಿಯನ್ನು ಎಳೆಯಬೇಡಿ, ಉಜ್ಜಬೇಡಿ, ಸುಮ್ನೆ ತಾಗಿಸಿ ತೆಗೆಯಿರಿ. ಮೊದಲು ಕಣ್ಣು ಬಿಟ್ಟುಕೊಂಡೇ ಒಮ್ಮೆ ಮಾಡಿ ತೋರಿಸಿ, ಹೆದರಿಕೆ ಹೋಗುತ್ತದೆ. ಮಧ್ಯೆ ಒಂದೆರಡು ಸಲ ಮುಟ್ಟದೇನೇ “ಈಗ ಎಲ್ಲಿ?” ಅಂತ ಕೇಳಿ. ಹುಡುಗರು ಕಣ್ಣು ಸಂದಿ ಬಿಟ್ಟು ನೋಡುತ್ತಾರೆ.