ಏರ್ ಫೋರ್ಸ್ ಬೇಸ್‌ನ ಏರೋ ಕ್ಲಬ್‌ನಲ್ಲಿ ವಿಮಾನ ಓಡಿಸೋದು ಕಲಿಬೋದಾ? (ಪ್ರಶ್ನೋತ್ತರ: ಫ್ಲೈಟ್ ಇನ್‌ಸ್ಟ್ರಕ್ಟರ್ ಜೊತೆ)

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಾವು ಓಹಾಯೋದಲ್ಲಿ ಡೇಟನ್ ಹತ್ರ ಇದೀವಿ, ಯಜಮಾನ್ರು ಅಮೆರಿಕನ್ ಏರ್ ಫೋರ್ಸ್‌ನಲ್ಲಿ ಮೆಕ್ಯಾನಿಕ್, ಅವ್ರು ಸಿಟಿಜನ್ ಆಗಿದಾರೆ, ನಂದಿನ್ನೂ ಗ್ರೀನ್ ಕಾರ್ಡು. ನಂಗೀಗ 36, ಮಗ ಒಂದನೇ ಕ್ಲಾಸು. ಚಿಕ್ಕವಳಿದ್ದಾಗಿಂದ ವಿಮಾನ ಓಡಿಸ್ಬೇಕು ಅಂತ ಆಸೆ, ಅರಸೀಕೆರೇಲಿ ಬೆಳೆದೋಳಿಗೆ ಅದೆಲ್ಲ ಎಲ್ಲಿ ಆಗ್ಬೇಕು ಅಂತ ಸುಮ್ನಿದ್ದೆ. ಈಗ ಮಿಲಿಟರಿ ಫ್ಯಾಮಿಲಿಯವ್ರಿಗೆ ಏರೋ ಕ್ಲಬ್ ಇರುತ್ತೆ, ಹೊರಗಿಗಿಂತ ಕಡಿಮೇಲಿ ಕಲಿಸ್ತಾರೆ ಅಂತ ಗೊತ್ತಾಗಿ ನಿದ್ದೆ ಬರ್ತಿಲ್ಲ. ನಾನು ಸೇರ್ಬೋದಾ? ಕನ್ನಡಕ ಇದೆ, ಥೈರಾಯ್ಡ್ ಮಾತ್ರೆ ತಗೋತೀನಿ. ಸೈನಿಕರ ಓದಿಗೆ ಸರ್ಕಾರ ಕೊಡೋ ಜಿಐ ಬಿಲ್ ದುಡ್ಡು ಬರುತ್ತಾ? ಇನ್ನೊಂದೂವರೆ ವರ್ಷಕ್ಕೆ ಇವ್ರಿಗೆ ಟ್ರಾನ್ಸ್‌ಫರ್ ಆಗ್ಬೋದು, ಅಷ್ಟ್ರಲ್ಲಿ ಮುಗಿಯುತ್ತಾ?

ಉತ್ತರ (ಫ್ಲೈಟ್ ಇನ್‌ಸ್ಟ್ರಕ್ಟರ್): ನಮಸ್ಕಾರ ಮೇಡಂ. ಸೇರ್ಬೋದು, ಖಂಡಿತ. ಈ ಕ್ಲಬ್‌ಗಳು ಬರೀ ಸೈನಿಕರಿಗೆ ಅಲ್ಲ, ಅವ್ರ ಹೆಂಡತಿ ಮಕ್ಳಿಗೆ, ರಿಟೈರ್ ಆದೋರಿಗೆ, ರಿಸರ್ವ್‌ನಲ್ಲಿ ಇರೋರಿಗೆ, ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರಿಗೂ ಸಾಮಾನ್ಯವಾಗಿ ಬಾಗಿಲು ತೆಗೆದಿರುತ್ತೆ. ನೇವಿ, ಆರ್ಮಿಯಲ್ಲೂ ಇಂಥವು ಇವೆ. ಹೆಚ್ಚಿನವು ಮೆಂಬರ್‌ಗಳ ತಿಂಗಳ ಚಂದಾ ಮತ್ತೆ ವಿಮಾನದ ಬಾಡಿಗೆಯಿಂದಾನೇ ನಡೀಬೇಕು, ಲಾಭದ ಲೆಕ್ಕ ಇಲ್ಲ, ಅದಕ್ಕೇ ರೇಟು ಕಡಿಮೆ. ಬಾಡಿಗೆ ಕೇಳೋವಾಗ 'ವೆಟ್' ರೇಟಾ ಅಂತ ಕೇಳಿ, ಅಂದ್ರೆ ಪೆಟ್ರೋಲ್ ಸೇರಿಸಿ. ಇನ್‌ಸ್ಟ್ರಕ್ಟರ್ ಫೀಸು ಬೇರೆ.

ಮೊದಲು ಪೇಪರ್ ಕೆಲಸ. ಗ್ರೀನ್ ಕಾರ್ಡ್ ಇದ್ರೂ ನೀವು ಸಿಟಿಜನ್ ಅಲ್ಲ, ಹಾಗಾಗಿ ಟಿಎಸ್‌ಎ, ಅಂದ್ರೆ ಅಮೆರಿಕದ ಸಾರಿಗೆ ಭದ್ರತೆಯವ್ರ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು, ಬೆರಳಚ್ಚು ಕೊಡ್ಬೇಕು, ಅದು ಬರೋವರೆಗೂ ಟ್ರೇನಿಂಗ್ ಶುರು ಮಾಡೋ ಹಾಗಿಲ್ಲ. ಗಂಡ ಏರ್ ಫೋರ್ಸ್‌ನಲ್ಲಿ ಇದಾರೆ ಅಂತ ಇದರಲ್ಲಿ ವಿನಾಯಿತಿ ಇಲ್ಲ. ಇವತ್ತೇ ಕ್ಲಬ್ಬಿಗೆ ಹೋಗಿ ಇದನ್ನ ಶುರು ಮಾಡ್ಸಿ, ಉಳಿದಿದ್ದೆಲ್ಲ ಆಮೇಲೆ.

ಮೆಡಿಕಲ್ ವಿಷ್ಯ. ನಿಮಗೆ ಬೇಕಿರೋದು ಥರ್ಡ್ ಕ್ಲಾಸ್ ಮೆಡಿಕಲ್ ಸರ್ಟಿಫಿಕೇಟ್, ಕನ್ನಡಕ ಹಾಕ್ಕೊಂಡು 20/40 (ನಮ್ಮಲ್ಲಿ 6/12 ಅನ್ನೋದು) ಕಂಡ್ರೆ ಸಾಕು. ಥೈರಾಯ್ಡ್ ಕಡಿಮೆ ಇರೋದಕ್ಕೆ ಮಾತ್ರೆ ಅಂದ್ರೆ ರಿಪೋರ್ಟ್ ಸರಿ ಇದ್ರೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಡಾಕ್ಟ್ರು ಅಲ್ಲೇ ಸರ್ಟಿಫಿಕೇಟ್ ಕೊಡ್ಬೋದು, ಹೊಸ ಟಿಎಸ್‌ಹೆಚ್ ರಿಪೋರ್ಟು, ನಿಮ್ಮ ಡಾಕ್ಟ್ರ ನೋಟ್ಸು ಜೊತೆಗೇ ಒಯ್ಯಿರಿ. 40ರೊಳಗೆ ಮಾಡ್ಸಿದ್ರೆ 60 ತಿಂಗಳು ನಡೆಯುತ್ತೆ, 40 ದಾಟಿದ್ರೆ 24. ಇನ್ನೊಂದು, ನಮ್ಮವ್ರೆಲ್ಲ ಊರಿಂದ ಸೆಟಿರಿಜಿನ್ ಸ್ಟ್ರಿಪ್‌ಗಟ್ಲೆ ತಂದಿಟ್ಕೊಂಡಿರ್ತೀವಲ್ಲ, ಸೀನು ಬಂತು ಅಂದ್ರೆ ಒಂದು ನುಂಗೋದು, ಅದು ತಗೊಂಡು ಹಾರೋ ಹಾಗಿಲ್ಲ, ನಿದ್ದೆ ಮಂಪರು ಬರುತ್ತೆ. ಲೊರಾಟಡಿನ್ ಆಗುತ್ತೆ, ಅದೂ ನಿಮಗೆ ಮಂಪರು ಬರಲ್ಲ ಅಂತ ಮೊದಲು ನೆಲದ ಮೇಲೆ ಇದ್ದಾಗ ನೋಡ್ಕೊಂಡು. ಫಾರಂನಲ್ಲಿ ಯಾವ ಕಾಯಿಲೇನೂ ಮುಚ್ಚಿಡಬೇಡಿ ದಯವಿಟ್ಟು. ಅನುಮಾನ ಇದ್ರೆ ಫಾರಂ ತುಂಬೋಕ್ ಮುಂಚೆ ಡಾಕ್ಟ್ರ ಹತ್ರ ಬರೀ ಸಲಹೆ ಕೇಳಿ.

ಜಿಐ ಬಿಲ್ ಬಗ್ಗೆ ಬಹಳ ಜನ ತಪ್ಪು ತಿಳ್ಕೊಂಡಿರ್ತಾರೆ. ಇಂಥ ಕ್ಲಬ್ಬು, ಫ್ಲೈಟ್ ಸ್ಕೂಲ್‌ಗಳಲ್ಲಿ ಮೊದಲ ಪ್ರೈವೇಟ್ ಲೈಸೆನ್ಸ್‌ಗೆ ಆ ದುಡ್ಡು ಬರಲ್ಲ. ಲೈಸೆನ್ಸ್ ಕೈಗೆ ಬಂದ್ಮೇಲೆ ಇನ್‌ಸ್ಟ್ರುಮೆಂಟ್ (ಮೋಡದಲ್ಲೂ ಉಪಕರಣ ನೋಡ್ಕೊಂಡು ಹಾರೋದು), ಕಮರ್ಷಿಯಲ್ (ದುಡ್ಡಿಗೆ ಹಾರೋದು) ಮಾಡೋವಾಗ ಬರುತ್ತೆ, ಅದೂ ಮಂಜೂರಾದ ಪಾರ್ಟ್ 141 ಸ್ಕೂಲ್ (ಎಫ್‌ಎಎ ಒಪ್ಪಿದ ಸಿಲಬಸ್ ಪ್ರಕಾರಾನೇ ಕಲಿಸೋದು) ಆಗಿದ್ರೆ, ನಿಮ್ಮ ಹತ್ರ ಸೆಕೆಂಡ್ ಕ್ಲಾಸ್ ಮೆಡಿಕಲ್ ಇದ್ರೆ, ಯಜಮಾನ್ರು ಸರ್ವಿಸ್‌ನಲ್ಲಿ ಇರೋವಾಗ್ಲೇ ಅವ್ರ ಬೆನಿಫಿಟ್ ನಿಮ್ಮ ಹೆಸರಿಗೆ ವರ್ಗ ಮಾಡಿದ್ರೆ. ಹಾಗಾಗಿ ಮೊದಲ ಲೈಸೆನ್ಸ್ ಸ್ವಂತ ದುಡ್ಡು ಅಂತಾನೇ ಲೆಕ್ಕ ಹಾಕಿ.

ಇನ್ನ ಒಂದೂವರೆ ವರ್ಷ. ನಾನು ಮುಖ್ಯವಾಗಿ ಹೇಳ್ಬೇಕು ಅಂತಿರೋದು ಇದನ್ನೇ. ಕಾನೂನು ಪ್ರಕಾರ ಕನಿಷ್ಠ 40 ಗಂಟೆ, ಪಾರ್ಟ್ 141 ಆದ್ರೆ 35, ಆದ್ರೆ ನಾನು ನೋಡಿದ ಹಾಗೆ ಹೆಚ್ಚಿನವ್ರಿಗೆ 60, 70 ಆಗೇ ಆಗುತ್ತೆ, ಅಷ್ಟಕ್ಕೆ ದುಡ್ಡು ಇಟ್ಕೊಳ್ಳಿ. ಆ 40ರಲ್ಲಿ ಇನ್‌ಸ್ಟ್ರಕ್ಟರ್ ಜೊತೆ 20, ಒಬ್ಬರೇ 10 ಇರ್ಬೇಕು, ರಾತ್ರಿ 3 ಗಂಟೆ, ಒಬ್ಬರೇ ಹೋಗೋ 150 ನಾಟಿಕಲ್ ಮೈಲಿಯ ಒಂದು ಟ್ರಿಪ್ಪು ಎಲ್ಲ ಅದರೊಳಗೇ. ವಾರಕ್ಕೆ ಎರಡು ಸಲ ಆದ್ರೂ ಹಾರಿದ್ರೆ ಒಂದು ವರ್ಷದೊಳಗೆ ಆರಾಮಾಗಿ ಮುಗಿಯುತ್ತೆ. ಹದಿನೈದು ದಿನಕ್ಕೊಂದ್ಸಲ ಹಾರಿದ್ರೆ ಪ್ರತಿ ಸಲ ಅರ್ಧ ಪಾಠ ಹಳೇದನ್ನ ನೆನಪು ಮಾಡ್ಕೊಳ್ಳೋದ್ರಲ್ಲೇ ಹೋಗುತ್ತೆ, ಕಡಿಮೆ ರೇಟು ಅಂತ ಉಳಿಸಿದ ದುಡ್ಡೆಲ್ಲ ಅಲ್ಲೇ ಕರಗುತ್ತೆ. ನನ್ನ ಹತ್ರ ಒಬ್ರು ಕಲೀತಿದ್ರು, ನಿಮ್ಮ ಹಾಗೇನೇ, ಗಂಡ ಡಿಪ್ಲಾಯ್‌ಮೆಂಟಿಗೆ ಹೋದ್ಮೇಲೆ ಮಗು ನೋಡ್ಕೊಳ್ಳೋರಿಲ್ದೆ ನಾಲ್ಕು ತಿಂಗಳು ಬರೋಕಾಗ್ಲಿಲ್ಲ, ಸೋಲೋಗೆ, ಅಂದ್ರೆ ಒಬ್ಬರೇ ಹಾರೋಕೆ, ಸೈನ್ ಹಾಕಿ ಕೊಟ್ಟಿದ್ದ ಎಂಡಾರ್ಸ್‌ಮೆಂಟ್ 90 ದಿನಕ್ಕೆ ಮುಗಿದಿತ್ತು, ಬಂದ್ಮೇಲೆ ಲ್ಯಾಂಡಿಂಗ್ ಮತ್ತೆ ಮೊದಲಿಂದ ಕಲಿಬೇಕಾಯ್ತು, ಅಷ್ಟ್ರಲ್ಲಿ ಟ್ರಾನ್ಸ್‌ಫರ್ ಆರ್ಡರ್ ಬಂತು. 38 ಗಂಟೆ ಆಗಿತ್ತು ಅವ್ರದ್ದು. ಕೈ ಎಷ್ಟು ಹದವಾಗಿತ್ತು ಅವ್ರದ್ದು, ನೆನೆಸ್ಕೊಂಡ್ರೆ ಇವತ್ತಿಗೂ ಬೇಜಾರಾಗುತ್ತೆ. ಅದಕ್ಕೇ ಮೇಡಂ, ಮಗು ನೋಡ್ಕೊಳ್ಳೋ ವ್ಯವಸ್ಥೆ ಮೊದಲು ಮಾಡ್ಕೊಳ್ಳಿ, ದುಡ್ಡು ಅರ್ಧಕ್ಕಿಂತ ಹೆಚ್ಚು ಕೂಡಿಟ್ಮೇಲೆ ಶುರು ಮಾಡಿ, ಮಧ್ಯದಲ್ಲಿ ನಿಲ್ಲಿಸಬೇಡಿ.

ಚಳಿಗಾಲದಲ್ಲಿ ಓಹಾಯೋ ಮೋಡ ನಿಮಗೇ ಗೊತ್ತು, ಫ್ಲೈಟ್ ಕ್ಯಾನ್ಸಲ್ ಆಗ್ತಾನೇ ಇರುತ್ತೆ. ಆಗ ಮನೇಲಿ ಕೂತು ರಿಟನ್ ಎಕ್ಸಾಮ್ ಮುಗಿಸಿ, 60 ಪ್ರಶ್ನೆ, 70 ಪರ್ಸೆಂಟ್ ಬಂದ್ರೆ ಪಾಸು, ರಿಸಲ್ಟ್ 24 ತಿಂಗಳು ನಡೆಯುತ್ತೆ.

ಅಂದಹಾಗೆ ಡೇಟನ್ ಅಂದ್ರಲ್ಲ, ರೈಟ್ ಸಹೋದರರು 1904, 1905ರಲ್ಲಿ ಹೋಗಿ ತಿರುಗೋದು, ಇಳಿಯೋದು ಅಭ್ಯಾಸ ಮಾಡಿದ ಹಫ್‌ಮನ್ ಪ್ರೇರಿ ಅನ್ನೋ ಬಯಲು ಇವತ್ತಿಗೂ ರೈಟ್ ಪ್ಯಾಟರ್ಸನ್ ಬೇಸ್ ಒಳಗೇ ಇದೆ. ಮಗನ್ನ ಕರ್ಕೊಂಡು ಹೋಗಿ ತೋರ್ಸಿ.

ಪ್ರಶ್ನೆ (ಅದೇ ಮೇಡಂ): ತುಂಬಾ ಥ್ಯಾಂಕ್ಸ್ ಸರ್, ಓದಿ ಕಣ್ಣಲ್ಲಿ ನೀರು ಬಂತು. ಮುಗಿಯೋ ಮುಂಚೆನೇ ಟ್ರಾನ್ಸ್‌ಫರ್ ಆದ್ರೆ ಆಗಿರೋ ಗಂಟೆ ಎಲ್ಲ ವೇಸ್ಟಾ? ಮತ್ತೆ ರೇಡಿಯೋದಲ್ಲಿ ಮಾತಾಡೋದು ಅಂದ್ರೆನೇ ಭಯ, ಕಂಟ್ರೋಲ್ ಟವರಿನವ್ರು ಹೇಳೋ ಸ್ಪೀಡಿಗೆ ನಂಗೇನೂ ಅರ್ಥ ಆಗಲ್ಲ.

ಉತ್ತರ: ಗಂಟೆ ಎಲ್ಲೂ ಹೋಗಲ್ಲ, ಲಾಗ್‌ಬುಕ್ ನಿಮ್ದು. ಹೊಸ ಊರಲ್ಲಿ ಪಾರ್ಟ್ 61ರಲ್ಲಿ (ಮಂಜೂರಾದ ಕೋರ್ಸ್ ಇಲ್ದೆ ಇನ್‌ಸ್ಟ್ರಕ್ಟರ್ ಹತ್ರ ಕಲಿಯೋದು) ಮುಂದುವರಿಸಿದ್ರೆ ಪೂರ್ತಿ ಲೆಕ್ಕಕ್ಕೆ ಬರುತ್ತೆ. ಅಲ್ಲಿ ಪಾರ್ಟ್ 141 ಕೋರ್ಸಿಗೆ ಸೇರಿದ್ರೆ ಮಾತ್ರ ಹಳೇದರಲ್ಲಿ ಸ್ವಲ್ಪ ಭಾಗಾನೇ ಒಪ್ಕೊತಾರೆ, ಇಲ್ಲಿ 61ರಲ್ಲಿ ಕಲಿತಿದ್ರೆ ಹೆಚ್ಚಂದ್ರೆ ಕೋರ್ಸಿನ ಕಾಲು ಭಾಗ, 141ರಲ್ಲಿ ಕಲಿತಿದ್ರೆ ಅರ್ಧ. ಬಿಡೋವಾಗ ಟ್ರೇನಿಂಗ್ ರೆಕಾರ್ಡ್ ಎಲ್ಲದರ ಕಾಪಿ ಇಸ್ಕೊಂಡೇ ಹೊರಡಿ.

ರೇಡಿಯೋ ಭಯ ಎಲ್ರಿಗೂ ಇರುತ್ತೆ, ಇಲ್ಲೇ ಹುಟ್ಟಿ ಬೆಳೆದೋರಿಗೂ. ಅವ್ರು ಏನೇ ಹೇಳಿದ್ರೂ ಒಂದು ಕ್ರಮ ಇರುತ್ತೆ: ನೀವು ಯಾರು, ಯಾವ ರನ್‌ವೇ, ಏನು ಮಾಡ್ಬೇಕು. ಅಡುಗೆ ಮಾಡ್ತಾ ಲೈವ್ ಎಟಿಸಿ (ಟವರಿಗೂ ಪೈಲಟ್‌ಗಳಿಗೂ ನಡೆಯೋ ಮಾತು ಕೇಳಿಸೋ ವೆಬ್‌ಸೈಟು) ಹಾಕ್ಕೊಂಡು ಕೇಳಿ, ಒಂದು ತಿಂಗಳಲ್ಲಿ ಕಿವಿ ಪಳಗುತ್ತೆ. ಮೊದಲ ಮಾತಲ್ಲೇ 'ಸ್ಟೂಡೆಂಟ್ ಪೈಲಟ್' ಅಂತ ಸೇರ್ಸಿ, ಅವ್ರು ನಿಧಾನ ಮಾಡ್ತಾರೆ. ಅರ್ಥ ಆಗ್ಲಿಲ್ವಾ, 'ಸೇ ಅಗೇನ್' ಅನ್ನಿ, ಯಾವತ್ತೂ ಊಹೆ ಮಾಡ್ಕೊಂಡು ಹೋಗ್ಬೇಡಿ.

ಪ್ರಶ್ನೆ (ಬೆಂಗಳೂರಿಂದ ಒಬ್ರು): ಸರ್ ನಮ್ಮ ಮಗ ಪಿಯುಸಿ, ನಮ್ಮಲ್ಲಿ ಇಂಥದ್ದು ಏನಾದ್ರೂ ಇದ್ಯಾ?

ಉತ್ತರ: ಬೇಸ್‌ಗಳಲ್ಲಿ ಕುಟುಂಬದವ್ರಿಗೆ ಹೀಗೆ ಕ್ಲಬ್ ಅಂತ ನಾನು ನೋಡಿಲ್ಲ, ಹತ್ತಿರದ್ದು ಅಂದ್ರೆ ಎನ್‌ಸಿಸಿ ಏರ್ ವಿಂಗ್, ಅದರಲ್ಲಿ ಕೆಡೆಟ್‌ಗಳಿಗೆ ಮೈಕ್ರೋಲೈಟ್‌ನಲ್ಲಿ ಹಾರೋ ಅವಕಾಶ ಸಿಗುತ್ತೆ, ಅದು ಲೈಸೆನ್ಸ್ ಅಲ್ಲ ಅಷ್ಟೇ. ಲೈಸೆನ್ಸ್ ಬೇಕಂದ್ರೆ ಜಕ್ಕೂರಲ್ಲಿ ರಾಜ್ಯ ಸರ್ಕಾರದ್ದೇ ಫ್ಲೈಯಿಂಗ್ ಸ್ಕೂಲ್ ಇದೆ, ಮೊದಲು ಹೋಗಿ ಕೇಳಿ. ಕಮರ್ಷಿಯಲ್‌ಗೆ ಹೋಗೋ ಯೋಚನೆ ಇದ್ರೆ ಫಿಸಿಕ್ಸ್, ಮ್ಯಾಥ್ಸ್ ಬಿಡಿಸ್ಬೇಡಿ.

ಪ್ರಶ್ನೆ (ಮೊದಲಿನ ಮೇಡಂ): ಸರ್ ಕೊನೇದು. ಅಪ್ಪ ವರ್ಷಕ್ಕೊಂದ್ಸಲ ಊರಿಂದ ಬರ್ತಾರೆ, ರೈಲ್ವೇಲಿ ಇದ್ದವ್ರು. ಲೈಸೆನ್ಸ್ ಬಂದ್ಮೇಲೆ ಅವ್ರನ್ನ ಕೂರಿಸ್ಕೊಂಡು ಹೋಗ್ಬೋದಾ?

ಉತ್ತರ: ಹೋಗ್ಬೋದು. ಹಿಂದಿನ 90 ದಿನದಲ್ಲಿ ನೀವು ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರ್ಬೇಕು, ಕ್ಲಬ್ಬಿನ ರೂಲ್ಸ್ ಇದಕ್ಕಿಂತ ಬಿಗಿಯಾಗಿರ್ಬೋದು, ಕೇಳ್ಕೊಳ್ಳಿ. ಜೊತೆಗೆ ಬರೋರ ಹತ್ರಾನೂ ಒಂದು ಫಾರಂಗೆ ಸೈನ್ ಹಾಕಿಸ್ಬೇಕಾಗ್ಬೋದು. ಇಂಡಿಯನ್ ಪಾಸ್‌ಪೋರ್ಟಿನವ್ರಿಗೆ ಬೇಸ್ ಒಳಗೆ ಬರೋ ಪಾಸ್ ಸಿಗೋದು ಅಷ್ಟು ಸುಲಭ ಅಲ್ಲ, ಟೈಮೂ ಹಿಡಿಯುತ್ತೆ, ಅದಕ್ಕೆ ಕ್ಲಬ್ ಒಪ್ಪಿದ್ರೆ ಇನ್ನೊಂದು ದಾರಿ ಇದೆ, ನೀವೊಬ್ಬರೇ ಬೇಸಿಂದ ಹೊರಡಿ, ಹತ್ತಿರದ ಸಿವಿಲ್ ಏರ್‌ಪೋರ್ಟಲ್ಲಿ ಇಳೀರಿ, ಯಜಮಾನ್ರು ಅಪ್ಪನ್ನ ಕಾರಲ್ಲಿ ಅಲ್ಲಿಗೆ ಕರ್ಕೊಂಡು ಬರ್ಲಿ. ಮಗನೂ ಬರ್ತೀನಿ ಅಂದ್ರೆ ತೂಕದ ಲೆಕ್ಕ ಮೊದಲೇ ಹಾಕಿ, ಸೆಸ್ನಾ 172ರಲ್ಲಿ ನಾಲ್ಕು ಸೀಟಿದೆ ಅಂತ ಫುಲ್ ಟ್ಯಾಂಕ್ ಜೊತೆ ನಾಲ್ಕು ಜನ ದೊಡ್ಡೋರು ಕೂರೋಕಾಗಲ್ಲ. ಬೆಳಿಗ್ಗೆ ಬೇಗ ಹೋಗಿ, ಗಾಳಿ ಶಾಂತವಾಗಿರುತ್ತೆ, ಅಪ್ಪನಿಗೆ ಕುಲುಕಾಟ ಕಡಿಮೆ.